ಏನಾಗಿತ್ತು ಅದಕ್ಕೆ

ಎರಡು ಬಾಟಲಿ ಪ್ಲಮ್ ಸಾರಾಯಿಗೆ ಕೊಟ್ಟುಬಿಟ್ಟ
ಮೇಲ್ಮಹಡಿಯ ಯಾರೊಮೀರ್ ತನ್ನ ಜಾವಾ ಗಾಡಿಯನ್ನು.
ಹಠಮಾರಿ ಮುಂಡೇದು, ಎಂದ. ಬೇಕಾದ ದಿನ ಕೈಕೊಟ್ಟಿತು,
ಆಮೇಲೆ ನಾನು ಮುಟ್ಟಲಿಲ್ಲ.
ಯಾವ ದಿನ ಎಂದು ಕೇಳುವ ಹಾಗಿಲ್ಲ.
ಜ್ನೊಯ್ಮೊ ಊರಲ್ಲಿ ಆ ವಯಸ್ಸಿನವರಿಗೆಲ್ಲ
ಬೇಕಾದ ದಿನ ಎಂದರೆ ಅದೊಂದೇ.
ಆಸ್ಟ್ರಿಯಾದ ಗಡಿ ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು.

ಚಳಿಗಾಲವಿಡೀ ಎಂಜಿನ್ನು ನಮ್ಮ ಅಡುಗೆಮನೆಯಲ್ಲೇ.
ಹಾಸಿದ ಪೇಪರಿನ ಮೇಲೆ ನಟ್ಟು ಬೋಲ್ಟುಗಳ ಸಂಸಾರ,
ಮೊಟ್ಟೆ ಟ್ರೇಯ ಗುಳಿಗೊಂದು ವಾಷರು.
ಆಯಿಲ್ ಸೀಲುಗಳು ಹಳೇ ಚಕ್ಕುಲಿಯಂತೆ ಬೆರಳಲ್ಲೇ ಪುಡಿಯಾದವು.
ಕ್ರ್ಯಾಂಕ್‌ಕೇಸನ್ನು ಓವನ್ನಿಗಿಟ್ಟೆ, ನೂರು ಡಿಗ್ರಿ, ಅರ್ಧ ಗಂಟೆ;
ಹೊಸ ಬೇರಿಂಗುಗಳನ್ನು ಫ್ರೀಜರಿನಲ್ಲಿ,
ಕ್ರಿಸ್‌ಮಸ್ಸಿಗೆ ತಂದ ಕಾರ್ಪ್ ಮೀನಿನ ಪಕ್ಕ.
ಬಿಸಿಯಾದದ್ದು ಹಿಗ್ಗಬೇಕು, ತಣ್ಣಗಾದದ್ದು ಕುಗ್ಗಬೇಕು,
ಆಗ ಸುತ್ತಿಗೆಯ ಹಂಗಿಲ್ಲ.
ಟೊಕ್ ಅಂತ ಕೂತುಬಿಡುತ್ತದೆ,
ತವರಿಗೆ ಬಂದ ಮಗಳು ತನ್ನ ಮೂಲೆಯಲ್ಲಿ ಕೂತ ಹಾಗೆ.
ಲಿಬುಶೆ ಮೂಗು ಮುಚ್ಚಿಕೊಂಡಳು:
ವನಿಲಾ ಬಿಸ್ಕತ್ತಿಗೆಲ್ಲ ಈ ವರ್ಷ ಗ್ರೀಸಿನ ವಾಸನೆ,
ನಿಮ್ಮಮ್ಮ ಬಂದಾಗ ನೀನೇ ಉತ್ತರ ಹೇಳು.

ಒಂದು ಮಾತ್ರ ಬಗೆಹರಿಯಲಿಲ್ಲ.
ಐವತ್ತು ವರ್ಷದ ತುಕ್ಕು ಬೇರೆ, ರೋಗ ಬೇರೆ.
ಎಂಜಿನ್ನು ಸುಳ್ಳು ಹೇಳುವುದಿಲ್ಲ, ಅದಕ್ಕೆ ಅಷ್ಟು ಬುದ್ಧಿಯಿಲ್ಲ.
ಪಿಸ್ಟನ್ ತಿರುಗಿಸಿ ನೋಡಿದೆ: ಗೀರಿಲ್ಲ.
ರಿಂಗಿನ ಸಂದಿಗೆ ಫೀಲರ್ ತೂರಿಸಿದೆ: ಹೊಸದರ ಹಾಗೇ.
ಕಾರ್ಬ್ಯುರೇಟರನ್ನು ಯಾರೋ ಅವಸರದಲ್ಲಿ ಬಿಚ್ಚಿದ್ದರು,
ಸ್ಕ್ರೂ ತಲೆಗಳೆಲ್ಲ ಕಿತ್ತುಹೋಗಿದ್ದವು.
ಇರುಳಲ್ಲಿ, ಟಾರ್ಚು ಹಲ್ಲಲ್ಲಿ ಕಚ್ಚಿ, ಬೈದುಕೊಳ್ಳುತ್ತ
ಇಪ್ಪತ್ತಾರರ ಯಾರೊಮೀರ್ ಕಣ್ಣಿಗೆ ಕಟ್ಟಿದ.

ಸೈಲೆನ್ಸರುಗಳನ್ನು ಕೊನೆಗಿಟ್ಟಿದ್ದೆ; ಮಸಿ ಕೆರೆಯುವ ಕೆಲಸ ಯಾರಿಗೆ ಬೇಕು.
ತಂತಿಯ ಕೊಕ್ಕೆ ಹಾಕಿ ಎಳೆದರೆ ಬಟ್ಟೆ ಬಂತು.
ಎಡಗಡೆಯದರಲ್ಲಿ ಒಂದು ಮುದ್ದೆ, ಬಲಗಡೆಯದರಲ್ಲಿ ಇನ್ನೊಂದು.
ಮಸಿಯ ಕೆಳಗೆ ನೀಲಿ, ನೀಲಿಯಲ್ಲಿ ಸಣ್ಣ ಬಿಳಿ ಹೂ.
ಕೋಲಿನಿಂದ ತಳ್ಳಿ ತಳ್ಳಿ ಗಿಡಿದದ್ದು.
ಇಲಿಯ ಕೆಲಸವಲ್ಲ.

ಅವನ ತಂಗಿ ಅಲೊಯ್ಸಿಯಾ ಅದೇ ಹೊತ್ತಿಗೆ
ಗಸಗಸೆ ಬನ್ನಿನ ತಟ್ಟೆ ಹಿಡಿದು ಒಳಬಂದಳು.
ಮೇಜಿನ ಮೇಲಿನದನ್ನು ನೋಡಿದಳು.
ತಟ್ಟೆ ಬೀಳಲಿಲ್ಲ.
ಕನ್ನಡಕ ಸರಿಮಾಡಿಕೊಂಡು
ಅತ್ತೆ ಸೊಸೆಯ ಹೊಲಿಗೆ ನೋಡುವಂತೆ ಅಂಚು ಮಗುಚಿ,
ಅಮ್ಮನ ಏಪ್ರನ್ನು, ಎಂದಳು. ಕತ್ತರಿಸಿದ್ದು ನಾನು.
ಹದಿನೆಂಟು ನನಗೆ. ಒಂದು ದಿನ ತಡವಾಗಲಿ ಅಂತ,
ಅಷ್ಟೇ, ಒಂದೇ ಒಂದು ದಿನ.
ಮರುದಿನವೇ ಗಡಿ ಮುಚ್ಚುತ್ತಾರೆ ಅಂತ
ನನಗೇನು ಕನಸು ಬಿದ್ದಿತ್ತೇ?

ಆಮೇಲೆ ಬನ್ನು ಎಣಿಸಿದಳು. ಮೂರು ನಿನಗೆ, ಮೂರು ಅವಳಿಗೆ.
ಬಟ್ಟೆಯನ್ನು ಒಲೆಗೆ ಹಾಕು ಅನ್ನಲಿಲ್ಲ,
ಹಾಕಬೇಡ ಅಂತಲೂ ಅನ್ನಲಿಲ್ಲ.
ಅವನಿಗೆ ಬಡಿಸುವ ಹೊತ್ತಾಯಿತು ಎಂದು ಎದ್ದಳು,
ಐವತ್ತೈದು ವರ್ಷದಿಂದ ಆಗುತ್ತಲೇ ಇರುವ ಹೊತ್ತು.

ಏಪ್ರಿಲ್ಲಿನ ಒಂದು ಶನಿವಾರ ಗಾಡಿಯನ್ನು ಅಂಗಳಕ್ಕೆ ತಳ್ಳಿದೆ.
ಪೆಟ್ರೋಲಿಗೆ ಎಣ್ಣೆ ಬೆರೆಸಿ,
ಗೇರಿನ ಕಡ್ಡಿಯನ್ನೇ ಒಳಕ್ಕೊತ್ತಿ ಕಿಕ್ಕರು ಮಾಡಿಕೊಂಡು
ಒದ್ದೆ. ಒದ್ದೆ. ಒಂದು ವಾಷರು ಮಿಕ್ಕಿದೆಯಲ್ಲ, ಎಲ್ಲಿಯದಿರಬಹುದು
ಎಂದುಕೊಳ್ಳುತ್ತ ಹನ್ನೊಂದನೆಯ ಸಲ ಒದ್ದಾಗ ಕೆಮ್ಮಿತು,
ಹೊತ್ತಿತು. ಅಂಗಳ ತುಂಬ ನೀಲಿ ಹೊಗೆ,
ಪಾರಿವಾಳಗಳು ಚರ್ಚಿನ ಕಡೆಗೆ ದಿಕ್ಕಾಪಾಲು.

ಮೇಲೆ ಕಿಟಕಿ ತೆರೆಯಿತು.
ಬನಿಯನ್ನಿನಲ್ಲಿ ಯಾರೊಮೀರ್, ಅರ್ಧ ಮುಖಕ್ಕೆ ಸೋಪಿನ ನೊರೆ.
ಏನಾಗಿತ್ತು ಅದಕ್ಕೆ? ಎಂದು ಕೂಗಿದ.
ಒಗೆದ ಬಟ್ಟೆಯ ಹಗ್ಗದ ಬಳಿ ಅಲೊಯ್ಸಿಯಾ.
ನನ್ನತ್ತ ನೋಡಲಿಲ್ಲ.
ಆಕ್ಸಿಲರೇಟರು ಇಳಿಸಿ,
ರಿಂಗು, ಎಂದೆ.

ನೋಡಿದೆಯಾ! ಅವನು ಕಿಟಕಿಯ ಚೌಕಟ್ಟು ಗುದ್ದಿದ,
ಅವತ್ತೇ ಹೇಳಿದ್ದೆ ಇವಳಿಗೆ, ರಿಂಗೇ ಅಂತ.
ಹೂಂ, ಹೇಳಿದ್ದೆ,
ಎಂದಳು ಅವಳು, ಬಾಯಲ್ಲಿದ್ದ ಕ್ಲಿಪ್ಪು ತೆಗೆದು,
ಅವನ ಅಂಗಿಗೆ ಮೂರನೆಯದಾಗಿ ಅದನ್ನೂ ಸಿಕ್ಕಿಸುತ್ತ.